ದೊಡ್ಡ ಬೋನು: ಹುಟ್ಟುಗುಣವೋ, ಆರೈಕೆಯ ಫಲವೋ?

ಮಕ್ಕಳೇ, ಕೀಟಗಳನ್ನು ಹಿಡಿದು ತಿನ್ನುವ ಗಿಡಗಳ ಬಗ್ಗೆ ನೀವು ಪಾಠದಲ್ಲಿ ಓದಿರುತ್ತೀರಿ. ಶಾಲೆಗಳಿಗೆ ಹೋದಾಗ ಈ ವಿಷಯ ತೆಗೆದರೆ ಸಾಕು, ಹಿಂದಿನ ಸಾಲಿನಿಂದ ಒಂದು ಪ್ರಶ್ನೆ ಬಂದೇ ಬರುತ್ತದೆ: "ಆ ಗಿಡ ಮನುಷ್ಯರನ್ನೂ ತಿನ್ನುತ್ತದಾ?" ಹೆದರಬೇಡಿ. ಕೀಟಾಹಾರಿ ಸಸ್ಯಗಳಲ್ಲಿ ಬಹಳ ಹೆಸರಾದ ವೀನಸ್ ಫ್ಲೈಟ್ರ್ಯಾಪ್ ಗಿಡದ ಬೋನು ಸಾಮಾನ್ಯವಾಗಿ 2ರಿಂದ 3 ಸೆಂಟಿಮೀಟರ್ ಉದ್ದವಿರುತ್ತದೆ, ಅಷ್ಟೇ. ಆದರೆ ಸುಮಾರು ಅದರ ಎರಡರಷ್ಟು ದೊಡ್ಡ ಬೋನು ಬಿಡುವ ತಳಿಗಳೂ ಇವೆ. ಜನರು ತಾಳ್ಮೆಯಿಂದ ಆರಿಸಿ ಬೆಳೆಸಿದ ತಳಿಗಳು ಅವು. ಆರಿಸಿದ್ದು ಹೇಗೆ? ನೋಡೋಣ ಬನ್ನಿ.

ಎಲೆಯೇ ಬೋನು

ಈ ಗಿಡದ ವೈಜ್ಞಾನಿಕ ಹೆಸರು ಡಯೋನಿಯಾ ಮಸಿಪ್ಯುಲಾ. ಅದರ ತವರು ಅಮೆರಿಕದ ಉತ್ತರ ಕೆರೊಲಿನಾ ಮತ್ತು ದಕ್ಷಿಣ ಕೆರೊಲಿನಾ ರಾಜ್ಯಗಳ ಕರಾವಳಿ ಬಯಲು. ಅಲ್ಲಿನ ತೇವದ ಮರಳು ಮಣ್ಣಿನಲ್ಲಿ ಸಾರಜನಕ ಮತ್ತು ರಂಜಕ ಬಹಳ ಕಡಿಮೆ. ಆ ಕೊರತೆಯನ್ನು ಗಿಡ ಕೀಟಗಳಿಂದ ತುಂಬಿಸಿಕೊಳ್ಳುತ್ತದೆ. ಸಕ್ಕರೆಯನ್ನು ಮಾತ್ರ ಉಳಿದ ಹಸಿರು ಗಿಡಗಳಂತೆ ಬಿಸಿಲಿನಲ್ಲೇ ತಯಾರಿಸಿಕೊಳ್ಳುತ್ತದೆ.

ಬೋನು ಎಂದರೆ ಎಲೆಯ ತುದಿಯ ಭಾಗ. ತೆರೆದಿಟ್ಟ ಪುಸ್ತಕದಂತೆ ಅದಕ್ಕೆ ಎರಡು ಹೋಳುಗಳಿವೆ. ಅಂಚಿನಲ್ಲಿ ಹಲ್ಲಿನಂಥ ಮುಳ್ಳುಗಳು. ಒಳಗೆ ಪ್ರತಿ ಹೋಳಿನಲ್ಲೂ ಸಾಮಾನ್ಯವಾಗಿ 3 ಸೂಕ್ಷ್ಮ ರೋಮಗಳು. ರೋಮಕ್ಕೆ ಒಂದು ಸಲ ಏನಾದರೂ ತಗುಲಿದರೆ ಬೋನು ಮುಚ್ಚುವುದಿಲ್ಲ. ಸುಮಾರು 20 ಸೆಕೆಂಡಿನೊಳಗೆ ಇನ್ನೊಂದು ಸಲ ತಗುಲಬೇಕು. ಆಗ ಕಣ್ಣು ಮಿಟುಕಿಸುವಷ್ಟರಲ್ಲಿ ಬೋನು ಮುಚ್ಚಿಕೊಳ್ಳುತ್ತದೆ. ಗಾಳಿಗೆ ಹಾರಿ ಬಂದ ಕಸಕ್ಕೆಲ್ಲ ಮುಚ್ಚಿ ಶಕ್ತಿ ಕಳೆದುಕೊಳ್ಳದಿರಲು ಇದು ಒಳ್ಳೆಯ ಉಪಾಯವಲ್ಲವೇ? ಹೆಸರಿನಲ್ಲಿ ನೊಣವಿದ್ದರೂ ತವರಿನಲ್ಲಿ ಅದರ ಬಾಯಿಗೆ ಹೆಚ್ಚಾಗಿ ಬೀಳುವುದು ಇರುವೆ ಮತ್ತು ಜೇಡಗಳು.

ದೊಡ್ಡದಾದರೆ ಲಾಭವೇ?

ಚಾರ್ಲ್ಸ್ ಡಾರ್ವಿನ್ 1875ರಲ್ಲಿ ಕೀಟಾಹಾರಿ ಸಸ್ಯಗಳ ಮೇಲೆ ಒಂದು ಪುಸ್ತಕವನ್ನೇ ಬರೆದರು. ಬೋನು ಮುಚ್ಚತೊಡಗಿದಾಗ ಮುಳ್ಳುಗಳ ನಡುವೆ ಸಂದಿ ಉಳಿಯುವುದನ್ನು ಅವರು ಗಮನಿಸಿದ್ದರು. ಆ ಸಂದಿಯಿಂದ ಚಿಕ್ಕ ಹುಳುಗಳು ನುಸುಳಿ ಪಾರಾಗುತ್ತವೆ, ದೊಡ್ಡವು ಮಾತ್ರ ಒಳಗೆ ಉಳಿಯುತ್ತವೆ. ಒಂದು ಕೀಟ ಜೀರ್ಣವಾಗಲು ಹಲವು ದಿನ ಬೇಕು. ಸಣ್ಣ ಹುಳುವಿಗಾಗಿ ಅಷ್ಟು ದಿನ ಬೋನು ಮುಚ್ಚಿಕೊಂಡಿದ್ದರೆ ಗಿಡಕ್ಕೆ ನಷ್ಟ.

ಹಾಗಾದರೆ ಎಲ್ಲ ಗಿಡಗಳೂ ದೊಡ್ಡ ಬೋನನ್ನೇ ಬಿಡಬಹುದಿತ್ತಲ್ಲ? ಇಲ್ಲೊಂದು ತೊಡಕಿದೆ. ದೊಡ್ಡ ಬೋನು ಕಟ್ಟಲು ಖರ್ಚೂ ದೊಡ್ಡದು. ಬಡ ಮಣ್ಣಿನ ಗಿಡ ಆದಾಯ ನೋಡಿಕೊಂಡೇ ಖರ್ಚು ಮಾಡಬೇಕು. ಕುಂಡದಲ್ಲಿರುವ ಗಿಡಕ್ಕೆ ನೀರು ಕೊಡಲು, ಕಳೆ ಕೀಳಲು ಒಬ್ಬ ಮಾಲೀಕನಿದ್ದಾನೆ. ಹಾಗಾಗಿ ಅಲ್ಲಿ ದೊಡ್ಡ ಬೋನಿನ ಗಿಡವೂ ನೆಮ್ಮದಿಯಿಂದ ಬಾಳುತ್ತದೆ.

ಆರಿಸುವ ಬಗೆ

ಬೀಜದಿಂದ ಹುಟ್ಟಿದ ಸಸಿಗಳು ಒಡಹುಟ್ಟಿದವರಂತೆ. ಹೋಲಿಕೆ ಇರುತ್ತದೆ, ಆದರೆ ಎಲ್ಲವೂ ಒಂದೇ ಅಲ್ಲ. ನೂರಾರು ಸಸಿಗಳ ನಡುವೆ ಒಂದರ ಬೋನು ದೊಡ್ಡದಾಗಿ ಕಾಣಬಹುದು. ಆದರೆ ಅದು ಹುಟ್ಟುಗುಣವೇ? ಅಥವಾ ಆ ಕುಂಡಕ್ಕೆ ಬಿಸಿಲು ಹೆಚ್ಚು ಬಿದ್ದದ್ದರಿಂದ ಹಾಗಾಯಿತೇ? ಕಣ್ಣಳತೆಯಿಂದ ಇದನ್ನು ಹೇಳಲಾಗದು.

ಅದಕ್ಕೇ ಜಾಣ ಬೆಳೆಗಾರರು ಆ ಗಿಡವನ್ನು ಬೇರೆ ಗಿಡಗಳ ಪಕ್ಕದಲ್ಲೇ ಇಡುತ್ತಾರೆ. ಎಲ್ಲಕ್ಕೂ ಒಂದೇ ಬಗೆಯ ಕುಂಡ, ಒಂದೇ ಮಣ್ಣು, ಒಂದೇ ನೀರು, ಒಂದೇ ಬಿಸಿಲು. ಹೀಗೆ ಕೆಲವು ವರ್ಷ ಅಳತೆ ಬರೆದಿಡುತ್ತಾರೆ. ವರ್ಷ ವರ್ಷವೂ ಅದರ ಬೋನೇ ದೊಡ್ಡದಾದರೆ ಅದು ಹುಟ್ಟುಗುಣ ಎಂದು ನಂಬಬಹುದು. ಬೀಜದ ಸಸಿ ಪೂರ್ಣ ಬೆಳೆಯಲು ಹಲವು ವರ್ಷ ಬೇಕಾಗುವುದರಿಂದ ಇದು ಆತುರಗಾರರ ಕೆಲಸವಲ್ಲ!

ಆರಿಸಿದ ಮೇಲೆ ಅದನ್ನು ಬೀಜದಿಂದ ಹೆಚ್ಚಿಸುವಂತಿಲ್ಲ. ಬಾದಾಮಿ ಮಾವಿನ ಓಟೆ ನೆಟ್ಟರೆ ಅದೇ ರುಚಿಯ ಹಣ್ಣು ಬರುವುದೆಂಬ ಭರವಸೆ ಇಲ್ಲ. ಹಾಗೆಂದೇ ನಮ್ಮ ರೈತರು ಕಸಿ ಕಟ್ಟುತ್ತಾರೆ. ಇಲ್ಲಿಯೂ ಗಿಡವನ್ನು ಬುಡದಲ್ಲಿ ಬಿಡಿಸಿಯೋ, ಎಲೆಯನ್ನು ಬುಡಸಹಿತ ಕಿತ್ತು ನೆಟ್ಟೋ, ಅಂಗಾಂಶ ಕೃಷಿಯಿಂದಲೋ ಹೊಸ ಗಿಡ ಪಡೆಯುತ್ತಾರೆ. ಅವು ತಾಯಿಗಿಡದ ಪಡಿಯಚ್ಚು. ‘ಬಿ 52’, ‘ಡಿಸಿ ಎಕ್ಸ್‌ಎಲ್’, ‘ಸೌತ್ ವೆಸ್ಟ್ ಜೈಂಟ್’ ಹೀಗೆ ಉಳಿಸಿಕೊಂಡ ದೊಡ್ಡ ಬೋನಿನ ತಳಿಗಳು. ಚೆನ್ನಾಗಿ ಬೆಳೆದ ‘ಬಿ 52’ ಗಿಡದ ಬೋನು ಸುಮಾರು 5 ಸೆಂಟಿಮೀಟರ್ ಮುಟ್ಟುತ್ತದೆ.

ಹೆಸರೊಂದೇ ಸಾಲದು

ದೊಡ್ಡ ತಳಿಯ ಹೆಸರು ನೋಡಿ ಗಿಡ ತಂದ ಮಾತ್ರಕ್ಕೆ ದೊಡ್ಡ ಬೋನು ಬಂದುಬಿಡುವುದಿಲ್ಲ. ನೆರಳಿನಲ್ಲಿಟ್ಟರೆ ಎಲೆಯ ತೊಟ್ಟು ಅಗಲವಾಗುತ್ತದೆ, ಬೋನು ಕುಗ್ಗುತ್ತದೆ. ಲವಣ ಹೆಚ್ಚಿರುವ ಕೊಳವೆಬಾವಿ ನೀರು ಅದಕ್ಕೆ ಆಗದು, ಮಳೆನೀರು ಬೇಕು. ಮಣ್ಣಿಗೆ ಗೊಬ್ಬರ ಹಾಕಿದರೆ ಬೇರು ಸುಡುತ್ತದೆ. ಚಳಿಗಾಲದಲ್ಲಿ ಕೆಲವು ತಿಂಗಳು ತಂಪಿನಲ್ಲಿ ವಿಶ್ರಾಂತಿ ಬೇಕು. ಆಟಕ್ಕೆಂದು ಬೆರಳು ಹಾಕಿ ಬೋನು ಮುಚ್ಚಿಸಿದರೆ ಗಿಡದ ಶಕ್ತಿ ಸುಮ್ಮನೆ ಪೋಲು. ಹುಟ್ಟುಗುಣ ಮಿತಿಯನ್ನು ಗೊತ್ತು ಮಾಡುತ್ತದೆ. ಆ ಮಿತಿ ಮುಟ್ಟಿಸುವುದು ಆರೈಕೆ.

ಇನ್ನೊಂದು ಮಾತು. ಮಾರುವ ಆಸೆಗೆ ಬಿದ್ದು ಕಾಡಿನ ಗಿಡಗಳನ್ನು ಕಿತ್ತೊಯ್ಯುವವರೂ ಇದ್ದಾರೆ. ಬಯಲು ಪ್ರದೇಶ ಊರುಗಳಾಗಿ ಬೆಳೆದದ್ದರಿಂದಲೂ ಅದರ ನೆಲೆ ಕುಗ್ಗಿದೆ. ಉತ್ತರ ಕೆರೊಲಿನಾದಲ್ಲಿ ಈ ಕಳ್ಳತನವನ್ನು 2014ರಲ್ಲಿ ಗಂಭೀರ ಅಪರಾಧವೆಂದು ಕಾನೂನು ಮಾಡಲಾಯಿತು. ತೋಟದಲ್ಲಿ ಬೆಳೆಸಿದ ತಳಿಯನ್ನೇ ಕೊಂಡರೆ ಕಾಡಿನ ಗಿಡ ಕಾಡಿನಲ್ಲೇ ಉಳಿಯುತ್ತದೆ. ನಮ್ಮ ರಾಜ್ಯದಲ್ಲಿ ಡಯೋನಿಯಾ ತಾನಾಗಿ ಬೆಳೆಯುವುದಿಲ್ಲ. ಅದರ ನಂಟ ಡ್ರಾಸೆರಾ ಮಾತ್ರ ಇದೆ. ತೇವದ ಬಡ ನೆಲದಲ್ಲಿ ಬೆಳೆಯುವ ಪುಟ್ಟ ಗಿಡ ಅದು. ಎಲೆಯ ಮೇಲೆ ಇಬ್ಬನಿಯಂತೆ ಹೊಳೆಯುವ ಅಂಟು ಹನಿಗಳಿರುತ್ತವೆ. ಕಂಡರೆ ಕೂತು ನೋಡಿ, ಚಿತ್ರ ಬರೆಯಿರಿ. ಕೀಳಬೇಡಿ.

ಮಾಡಿ ನೋಡಿ

ಒಂದೇ ದೊಡ್ಡಪತ್ರೆ ಗಿಡದಿಂದ ಒಂದೇ ಅಳತೆಯ 6 ಕಡ್ಡಿಗಳನ್ನು ಕತ್ತರಿಸಿ, ಒಂದೇ ಬಗೆಯ ಮಣ್ಣಿನಲ್ಲಿ ನೆಡಿ. ಮೂರನ್ನು ಬಿಸಿಲಿನಲ್ಲಿ, ಮೂರನ್ನು ನೆರಳಿನಲ್ಲಿ ಇಡಿ. ಯಾವುದರ ಎಲೆ ದೊಡ್ಡದಾಗಬಹುದೆಂದು ಮೊದಲೇ ಊಹಿಸಿ ಬರೆದಿಡಿ. ಎರಡು ತಿಂಗಳ ನಂತರ ಅಳೆಯಿರಿ. ಆರೂ ಗಿಡಗಳ ಹುಟ್ಟುಗುಣ ಒಂದೇ. ಹಾಗಾದರೆ ವ್ಯತ್ಯಾಸ ಎಲ್ಲಿಂದ ಬಂತು? ಮುಂದಿನ ಸಲ ಬೇರೆ ಬೇರೆ ಮನೆಗಳ ದೊಡ್ಡಪತ್ರೆ ಕಡ್ಡಿಗಳನ್ನು ತಂದು ಒಂದೇ ಜಾಗದಲ್ಲಿ ಬೆಳೆಸಿ ಅಳೆಯಿರಿ. ಈಗ ಕಾಣುವ ವ್ಯತ್ಯಾಸಕ್ಕೆ ಕಾರಣವೇನು? ಚರ್ಚಿಸಿ, ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿ.