ಸೀರಿಯಲ್ ಪೋರ್ಟಿನ ಸಂಪರ್ಕ ಬಿಡಿಸುವುದು ಹೇಗೆ?



ಬೊಮ್ಮನಹಾಳ್, ಕಣೇಕಲ್ ಕಡೆಯ ರೈತರಿಗೆ ತುಂಗಭದ್ರಾ ಮೇಲ್ಮಟ್ಟದ ಕಾಲುವೆಯ ತೂಬಿನ ವಿಷಯ ಹೇಳಿಕೊಡಬೇಕಾಗಿಲ್ಲ. ಒಬ್ಬರ ಸರದಿ ಮುಗಿದ ಮೇಲೆ ತೂಬು ಮುಚ್ಚಿದರೇ ಮುಂದಿನವರಿಗೆ ನೀರು. ದೊಡ್ಡ ಕಂಪ್ಯೂಟರ್ ಕೋಣೆಗಳಲ್ಲೂ ಇಂಥದೇ ಒಂದು ಏರ್ಪಾಡಿದೆ. ಬಳ್ಳಾರಿಗೋ ಬೆಂಗಳೂರಿಗೋ ಈ ಕೆಲಸಕ್ಕೆಂದು ಹೋಗುವ ನಮ್ಮ ಮಕ್ಕಳು ಇದನ್ನು ತಿಳಿದಿರುವುದು ಒಳ್ಳೆಯದು.

ಇಂಥ ಕೋಣೆಗಳಲ್ಲಿ ಎಷ್ಟೋ ಯಂತ್ರಗಳಿಗೆ ತೆರೆಯೂ ಇರುವುದಿಲ್ಲ, ಕೀಲಿಮಣೆಯೂ ಇರುವುದಿಲ್ಲ. ಅವುಗಳ ಸೀರಿಯಲ್ ತಂತಿಗಳನ್ನೆಲ್ಲ ಒಂದು ಪೆಟ್ಟಿಗೆಗೆ ತಂದು ಜೋಡಿಸುತ್ತಾರೆ. ಇದೇ ಕನ್ಸೋಲ್ ಸ್ವಿಚ್. ಈ ತಂತಿಯ ಆರ್‌ಎಸ್-232 ಎಂಬ ನಿಯಮ 1960ರಷ್ಟು ಹಳೆಯದು. ಇಂಜಿನಿಯರ್ ದೂರದ ಊರಿನಿಂದ ನೆಟ್‌ವರ್ಕ್ ಮೂಲಕ ಪೆಟ್ಟಿಗೆಗೆ ಬಂದು, ಅಲ್ಲಿಂದ ತನಗೆ ಬೇಕಾದ ಯಂತ್ರದೊಳಕ್ಕೆ ಹೋಗುತ್ತಾನೆ.

ಅಂದರೆ ಇಲ್ಲಿ ಎರಡು ಕೊಂಡಿಗಳಿವೆ. ನೆಟ್‌ವರ್ಕಿನ ಕೊಂಡಿ ಬಿಚ್ಚಿದ ಮಾತ್ರಕ್ಕೆ ಸೀರಿಯಲ್ ಕೊಂಡಿಯ ಆಚೆಗಿರುವ ಯಂತ್ರಕ್ಕೆ ಅದು ತಿಳಿಯುತ್ತದೆಂದು ಹೇಳಲಾಗದು. ಕಳಿಸುವುದು, ಪಡೆಯುವುದು, ನೆಲ ಎಂಬ ಮೂರೇ ಎಳೆಯ ತಂತಿ ಹಾಕಿದ್ದರಂತೂ ‘ಆಸಾಮಿ ಹೋದ’ ಎಂದು ಹೇಳುವ ಎಳೆಯೇ ಇರುವುದಿಲ್ಲ. ಯಂತ್ರ ಬಾಗಿಲು ತೆರೆದುಕೊಂಡೇ ಕಾಯುತ್ತದೆ. ಮುಂದೆ ಬಂದವನಿಗೆ ಪಾಸ್‌ವರ್ಡ್ ಇಲ್ಲದೆಯೇ ಹಿಂದಿನವನ ಅಧಿಕಾರವೆಲ್ಲ ಸಿಕ್ಕಿಬಿಡುತ್ತದೆ. ಅದು ಬ್ಯಾಂಕಿನ ಯಂತ್ರವಾಗಿದ್ದರೆ ಏನಾದೀತೆಂದು ಯೋಚಿಸಿ.

ಆದ್ದರಿಂದ ಕ್ರಮ ಹೀಗೆ. ಮೊದಲು ಯಂತ್ರದಿಂದಲೇ ಲಾಗೌಟ್ ಆಗಬೇಕು. ಆಮೇಲೆ ಪೆಟ್ಟಿಗೆಗೆ ಹಿಂದಿರುಗಬೇಕು. ಸಿಸ್ಕೊ ಪೆಟ್ಟಿಗೆಗಳಲ್ಲಿ ಕಂಟ್ರೋಲ್, ಶಿಫ್ಟ್, 6 ಒಟ್ಟಿಗೆ ಒತ್ತಿ, ಬಿಟ್ಟು, ಎಕ್ಸ್ ಒತ್ತುತ್ತಾರೆ. ಇದು ಬಾಗಿಲು ಮುಂದಕ್ಕೆ ಎಳೆದುಕೊಂಡಂತೆ ಅಷ್ಟೆ, ಬೀಗ ಬಿದ್ದಿಲ್ಲ. ‘ಡಿಸ್‌ಕನೆಕ್ಟ್’ ಎಂದು ಆಜ್ಞೆ ಕೊಟ್ಟ ಮೇಲೆಯೇ ಸಂಪರ್ಕ ಕಡಿಯುತ್ತದೆ.

ಇದಕ್ಕೆ ತಿರುಗುಮುರುಗಾದ ತೊಂದರೆಯೂ ಉಂಟು. ಕರೆಂಟು ಹೋಗಿ ನೆಟ್‌ವರ್ಕ್ ನಡುವೆ ಕಡಿದರೆ, ಆಸಾಮಿ ಇನ್ನೂ ಇದ್ದಾನೆಂದೇ ಪೆಟ್ಟಿಗೆ ತಿಳಿದುಕೊಂಡು ಬೇರೆಯವರನ್ನು ಒಳಗೆ ಬಿಡುವುದಿಲ್ಲ. ಆಗ ಮೇಲ್ವಿಚಾರಕರು ಯಾವ ಪೋರ್ಟಿನಲ್ಲಿ ಯಾರಿದ್ದಾರೆಂದು ನೋಡಿ, ‘ಕ್ಲಿಯರ್ ಲೈನ್’ ಎಂಬ ಆಜ್ಞೆಯಿಂದ ಅದನ್ನು ಬಿಡಿಸುತ್ತಾರೆ. ಅದಕ್ಕೂ ಮುಂಚೆ ಒಂದು ಫೋನ್ ಮಾಡಿ ವಿಚಾರಿಸುವುದು ಲೇಸು. ಆ ಕಡೆಯವರು ನಿಜವಾಗಿಯೂ ಡಿಸ್ಕ್ ದುರಸ್ತಿಯ ನಡುವೆ ಇರಬಹುದು.

ಇನ್ನು ತಂತಿಯನ್ನೇ ಕೀಳುವುದು, ಪೆಟ್ಟಿಗೆಯ ಸ್ವಿಚ್ ಆರಿಸುವುದು ಕಡೆಯ ಉಪಾಯ. ತಂತಿಯಲ್ಲಿ ಸಂಕೇತ ಒಂದು ಅಕ್ಷರದ ಹೊತ್ತಿಗಿಂತ ಹೆಚ್ಚು ಕಾಲ ಸೊನ್ನೆಯ ಸ್ಥಿತಿಯಲ್ಲೇ ನಿಂತರೆ ಅದಕ್ಕೆ ‘ಬ್ರೇಕ್’ ಎನ್ನುತ್ತಾರೆ. ಸೆಕೆಂಡಿಗೆ 9600 ಬಿಟ್ ವೇಗದಲ್ಲಿ ಒಂದು ಅಕ್ಷರಕ್ಕೆ ಹಿಡಿಯುವುದು ಸುಮಾರು ಸೆಕೆಂಡಿನ ಸಾವಿರದ ಒಂದು ಪಾಲು. 1990ರ ದಶಕದ ಸನ್ ಕಂಪನಿಯ ಸರ್ವರುಗಳು ಬ್ರೇಕ್ ಬಂದೊಡನೆ, ಮಾಡುತ್ತಿದ್ದ ಕೆಲಸವನ್ನೆಲ್ಲ ನಿಲ್ಲಿಸಿ ಆಜ್ಞೆಗಾಗಿ ಕಾಯುತ್ತ ಕೂರುತ್ತಿದ್ದವು. ಪೆಟ್ಟಿಗೆಯೊಂದನ್ನು ಆರಿಸಿದ್ದಕ್ಕೆ ಸಾಲು ಸಾಲು ಯಂತ್ರಗಳು ನಿಲ್ಲುವ ಅಪಾಯವಿತ್ತು.

ಬರುವಾಗ ಪಾಸ್‌ವರ್ಡ್ ಕೇಳುವ ಯಂತ್ರ, ಹೋಗುವಾಗ ಏನನ್ನೂ ಕೇಳುವುದಿಲ್ಲ. ಹೊರಗೆ ಬರುವ ಶಿಸ್ತನ್ನು ನಾವೇ ರೂಢಿಸಿಕೊಳ್ಳಬೇಕು.