ಎಪ್ಪತ್ತರ ವೇಗದಲ್ಲಿ ಗಾಡಿ ನಡುಗಿದರೆ

ಹೆದ್ದಾರಿಯಲ್ಲಿ ಗಂಟೆಗೆ 60ರಿಂದ 80 ಕಿ.ಮೀ. ವೇಗ. ಆಕ್ಸಿಲರೇಟರ್ ಮೇಲೆ ಕಾಲು ಹಗುರವಾಗಿದೆ. ಇದ್ದಕ್ಕಿದ್ದಂತೆ ಗಾಡಿ ಒಂದೆರಡು ಸೆಕೆಂಡು ಗಡಗಡ ಅದುರಿ ಸುಮ್ಮನಾಗುತ್ತದೆ. ಮೊದಲ ಸಲ ರಸ್ತೆಯೇ ಸರಿಯಿಲ್ಲ ಅನ್ನಿಸುತ್ತದೆ. ಮತ್ತೆ ಮತ್ತೆ ಹಾಗಾದಾಗ ಚಕ್ರದ ಬ್ಯಾಲೆನ್ಸಿಂಗ್ ಮಾಡಿಸುತ್ತಾರೆ, ಸ್ಪಾರ್ಕ್ ಪ್ಲಗ್ ಬದಲಿಸುತ್ತಾರೆ. ಅಮೆರಿಕದಲ್ಲಿ ಮಿನಿವ್ಯಾನ್ ಇಟ್ಟುಕೊಂಡ ಎಷ್ಟೋ ಕುಟುಂಬಗಳಿಗೆ ಹೀಗೆ ದುಡ್ಡು ಸುರಿದ ಮೇಲೆಯೇ ಅಸಲಿ ಜಾಗ ತಿಳಿಯುವುದು: ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕೂತಿರುವ ಟಾರ್ಕ್ ಕನ್ವರ್ಟರ್.

ಇದು ಹುಟ್ಟಿದ್ದು ಕಾರಿಗಾಗಿ ಅಲ್ಲ, ಹಡಗಿಗಾಗಿ. ಉಗಿ ಟರ್ಬೈನಿನ ಭರಾಟೆಯ ವೇಗವನ್ನು ನಿಧಾನವಾಗಿ ತಿರುಗಬೇಕಾದ ಪ್ರೊಪೆಲ್ಲರಿಗೆ ಒಗ್ಗಿಸಲು ಜರ್ಮನಿಯ ಎಂಜಿನಿಯರ್ ಹರ್ಮನ್ ಫ್ಯೋಟಿಂಗರ್ 1905ರಲ್ಲಿ ಇದರ ಪೇಟೆಂಟ್ ಪಡೆದರು. ಬೆಸುಗೆ ಹಾಕಿ ಮುಚ್ಚಿದ ದುಂಡನೆಯ ಲೋಹದ ಡಬ್ಬಿ. ಅದರ ತುಂಬ ಆಯಿಲ್. ಎಂಜಿನ್ ತಿರುಗಿಸುವ ಇಂಪೆಲ್ಲರ್ ಆ ಆಯಿಲನ್ನು ಎದುರಿನ ಟರ್ಬೈನಿಗೆ ಎರಚುತ್ತದೆ, ಟರ್ಬೈನ್ ಗೇರ್‌ಬಾಕ್ಸನ್ನು ತಿರುಗಿಸುತ್ತದೆ. ನಡುವೆ ಇರುವ ಸ್ಟೇಟರ್, ಮರಳಿ ಬರುವ ಆಯಿಲಿನ ದಿಕ್ಕು ತಿರುಗಿಸಿ ಗಾಡಿ ಹೊರಡುವ ಹೊತ್ತಿಗೆ ಎಂಜಿನ್ನಿನ ತಿರುಚುಬಲವನ್ನು ಸುಮಾರು ಎರಡು ಪಟ್ಟು ಮಾಡಿಕೊಡುತ್ತದೆ. ಏಳೆಂಟು ಜನರನ್ನು ಹೊತ್ತು, ಸಿಗ್ನಲ್ಲಿಗೊಮ್ಮೆ ನಿಂತು ಹೊರಡುವ ಭಾರಿ ಗಾಡಿಗೆ ಇದಕ್ಕಿಂತ ಒಳ್ಳೆಯ ಜೊತೆ ಸಿಗುವುದು ಕಷ್ಟ.

ಆದರೆ ಆಯಿಲ್ ಜಾರುತ್ತದೆ. ವೇಗ ಹಿಡಿದ ಮೇಲೂ ಟರ್ಬೈನ್ ಒಂದಿಷ್ಟು ಹಿಂದೆಯೇ ಉಳಿಯುತ್ತದೆ. ಅಷ್ಟು ಪೆಟ್ರೋಲ್ ಬರೀ ಶಾಖವಾಗಿ ಹೋಗುತ್ತದೆ. ಅದಕ್ಕೇ ಡಬ್ಬಿಯೊಳಗೆ ಲಾಕ್‌ಅಪ್ ಕ್ಲಚ್ ಸೇರಿತು. ಪ್ಯಾಕರ್ಡ್ ಕಂಪನಿ 1949ರಲ್ಲೇ ಇದನ್ನು ತಂದಿತ್ತು. ತೈಲ ಬಿಕ್ಕಟ್ಟಿನ ನಂತರ, 1978ರಲ್ಲಿ ಕ್ರೈಸ್ಲರ್ ಮತ್ತೆ ಬಳಕೆಗೆ ತಂದಿತು. ಈ ಕ್ಲಚ್ಚಿನ ಮೇಲೆ ಅಂಟಿಸಿರುವುದು ಕಾಗದದಂಥ ನಾರಿನ ತೆಳು ಪಟ್ಟಿ. ಇಂದಿನ ಗಾಡಿಗಳಲ್ಲಿ ಎಂಜಿನ್ನಿನ ಅದಿರಾಟ ಒಳಗೆ ಬಾರದಿರಲೆಂದು ಕಂಪ್ಯೂಟರ್ ಎಷ್ಟೋ ಹೊತ್ತು ಅದನ್ನು ಪೂರ್ತಿ ಬಿಗಿಯುವುದಿಲ್ಲ, ಚೂರು ಜಾರುತ್ತಿರುವಂತೆಯೇ ಹಿಡಿದಿಡುತ್ತದೆ. ಪಟ್ಟಿ ಸವೆಯುವುದು ಇಲ್ಲಿಯೇ, ನಡುಕ ಹುಟ್ಟುವುದೂ ಇಲ್ಲಿಯೇ. ಆಯಿಲ್ ಹಳತಾಗಿ ಅದರಲ್ಲಿನ ಘರ್ಷಣೆ ಹದಗೊಳಿಸುವ ರಾಸಾಯನಿಕ ಕಳೆದುಹೋದಾಗ ಕ್ಲಚ್ ನಯವಾಗಿ ಜಾರದೆ ಕಚ್ಚಿಕೊಳ್ಳುತ್ತದೆ, ಬಿಡುತ್ತದೆ, ಮತ್ತೆ ಕಚ್ಚುತ್ತದೆ. ಪಿಟೀಲಿನ ಕಮಾನು ತಂತಿಯನ್ನು ನುಡಿಸುವುದೂ ಹೀಗೆಯೇ.

ಆಯಿಲ್ ಎಷ್ಟು ಮುಖ್ಯ ಎಂಬುದಕ್ಕೆ ಕ್ರೈಸ್ಲರ್‌ನ ಅನುಭವಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ. ಡಾಡ್ಜ್ ಕ್ಯಾರವಾನ್, ಪ್ಲಿಮತ್ ವಾಯೇಜರ್‌ಗಳಿಂದ ಮಿನಿವ್ಯಾನ್ ಮಾರುಕಟ್ಟೆಯನ್ನೇ ಕಟ್ಟಿದ ಆ ಕಂಪನಿ, 1989ರ ಮಾಡೆಲ್‌ಗಳಿಗೆ ಅಲ್ಟ್ರಾಡ್ರೈವ್ ಎಂಬ ಎಲೆಕ್ಟ್ರಾನಿಕ್ ನಾಲ್ಕು ಗೇರಿನ ಆಟೋಮ್ಯಾಟಿಕ್ ಕೊಟ್ಟಿತು. ಅದಕ್ಕೆ ಬೇಕಾದದ್ದು ಕಂಪನಿಯದೇ ಆದ ವಿಶೇಷ ಆಯಿಲ್. ಅದು ಸಿಗದಿದ್ದರೆ ಎಲ್ಲೆಡೆ ಸಿಗುವ ಡೆಕ್ಸ್ರಾನ್ ಹಾಕಬಹುದು ಎಂಬ ಸೂಚನೆಯೂ ಮೊದಲ ವರ್ಷಗಳಲ್ಲಿತ್ತು. ಡೆಕ್ಸ್ರಾನಿನ ಘರ್ಷಣೆಯ ಗುಣವೇ ಬೇರೆ. ಬೇರೆ ಲೋಪಗಳೂ ಇದ್ದ ಆ ಗೇರ್‌ಬಾಕ್ಸಿಗೆ ತಪ್ಪು ಆಯಿಲೂ ಸೇರಿ ನಡುಕ, ಕೆಟ್ಟು ನಿಲ್ಲುವುದು ಎರಡೂ ಹೆಚ್ಚಾದವು. ದೋಷ ಗಾಡಿ ಮಾಲೀಕರದ್ದು ಎನ್ನುವಂತೆಯೇ ಇರಲಿಲ್ಲ. ಕಂಪನಿ ಕ್ರಮೇಣ ಎಟಿಎಫ್+3, ಎಟಿಎಫ್+4 ಎಂಬ ಸುಧಾರಿತ ಆಯಿಲ್‌ಗಳನ್ನು ತಂದಿತು. 2011ರ ನಂತರದ ಕೆಲವು ಹೋಂಡಾ ಒಡಿಸ್ಸಿಗಳಲ್ಲೂ ಇದೇ ಬಗೆಯ ನಡುಕ ಕಾಣಿಸಿಕೊಂಡಿತು. ಆಯಿಲ್ ಬದಲಾವಣೆ, ಸಾಫ್ಟ್‌ವೇರ್ ತಿದ್ದುಪಡಿಗಳ ಜೊತೆಗೆ ಹೋಂಡಾ ವಾರಂಟಿಯನ್ನೂ ವಿಸ್ತರಿಸಬೇಕಾಯಿತು.

ಸ್ಟೇಟರ್ ಕೆಟ್ಟರೆ ಲಕ್ಷಣ ಬೇರೆ. ಅದು ಒಂದೇ ದಿಕ್ಕಿಗೆ ತಿರುಗುವಂತೆ ನೋಡಿಕೊಳ್ಳುವ ಒನ್‌ವೇ ಕ್ಲಚ್ ಸವೆದರೆ ಹೊರಡುವಾಗ ಪಿಕಪ್ ಇರುವುದಿಲ್ಲ, ಹೆದ್ದಾರಿಯಲ್ಲಿ ಎಲ್ಲ ಸರಿ. ಅದೇ ಕ್ಲಚ್ ಬಿಗಿದು ಹಿಡಿದುಕೊಂಡರೆ ಉಲ್ಟಾ: ಹೊರಡುವುದು ಸಲೀಸು, ಹೆದ್ದಾರಿಯಲ್ಲಿ ವೇಗ ಏರದೆ ಆಯಿಲ್ ಕುದಿಯುವಷ್ಟು ಬಿಸಿ. ಇನ್ನೊಂದು ಅಪಾಯ ರೇಡಿಯೇಟರಿನಿಂದ ಬರುತ್ತದೆ. ಎಷ್ಟೋ ಗಾಡಿಗಳಲ್ಲಿ ಗೇರ್ ಆಯಿಲ್ ತಣಿಸುವ ಕೊಳವೆ ರೇಡಿಯೇಟರ್ ಟ್ಯಾಂಕಿನೊಳಗೇ ಇದೆ. ಅಲ್ಲಿ ಸೋರಿ ಕೂಲೆಂಟ್ ಬೆರೆತರೆ ಆಯಿಲ್ ತಿಳಿಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಪಟ್ಟಿಯ ಅಂಟು ಬಿಡುತ್ತದೆ.

ಅನುಭವಿ ಮೆಕ್ಯಾನಿಕ್‌ಗಳು ಮಾಡುವ ಸರಳ ಪರೀಕ್ಷೆಯೊಂದಿದೆ. ಖಾಲಿ ರಸ್ತೆಯಲ್ಲಿ ನಡುಕ ಶುರುವಾದಾಗ ವೇಗ ಇಳಿಸದೆ, ಎಡಗಾಲಿನಿಂದ ಬ್ರೇಕ್ ಪೆಡಲನ್ನು ಮುಟ್ಟಿದಷ್ಟೇ ಒತ್ತುತ್ತಾರೆ. ಬ್ರೇಕ್ ಹಿಡಿಯಬಾರದು, ಹಿಂದಿನ ದೀಪ ಹೊತ್ತಿದರೆ ಸಾಕು. ಆ ಸಂಕೇತ ಸಿಕ್ಕ ಕೂಡಲೇ ಕಂಪ್ಯೂಟರ್ ಲಾಕ್‌ಅಪ್ ಬಿಡಿಸುತ್ತದೆ, ಆರ್‌ಪಿಎಂ ಮುಳ್ಳು ತುಸು ಏರುತ್ತದೆ. ನಡುಕವೂ ಅಲ್ಲಿಗೇ ನಿಂತರೆ ಲಾಕ್‌ಅಪ್ ಕ್ಲಚ್ಚಿನ ಮೇಲಿನ ಅನುಮಾನ ಬಲವಾಗುತ್ತದೆ.

ಹೊಸದಾಗಿ ಶುರುವಾದ ನಡುಕ ಎಷ್ಟೋ ಸಲ ಸರಿಯಾದ ಆಯಿಲಿಗೇ ಬಗ್ಗುತ್ತದೆ. ಆದರೆ ಕೆಳಗಿನ ಪ್ಯಾನ್ ಬಿಚ್ಚಿ ಸುರಿದರೆ ಹೊರಬರುವುದು ಒಂದು ಪಾಲು ಮಾತ್ರ, ಕನ್ವರ್ಟರಿನೊಳಗಿನ ಹಳೆಯ ಆಯಿಲ್ ಅಲ್ಲೇ ಉಳಿಯುತ್ತದೆ. ಆದ್ದರಿಂದ ನಡುನಡುವೆ ಗಾಡಿ ಓಡಿಸಿ ಎರಡು ಮೂರು ಸಲ ಬದಲಿಸಬೇಕು. ಬಿಡದಿಯಲ್ಲಿ ತಯಾರಾದ ಇನ್ನೋವಾ ಕ್ರಿಸ್ಟಾದ ಆಟೋಮ್ಯಾಟಿಕ್ ಮಾದರಿಗಳಲ್ಲೂ ಇರುವುದು ಟಾರ್ಕ್ ಕನ್ವರ್ಟರೇ. ಅಲ್ಲೂ ಕಂಪನಿ ಹೇಳಿದ ಆಯಿಲನ್ನೇ ಹಾಕಬೇಕು.

ಪಟ್ಟಿ ಸುಟ್ಟುಹೋಗಿದ್ದರೆ ಮಾತ್ರ ಗೇರ್‌ಬಾಕ್ಸ್ ಇಳಿಸದೆ ದಾರಿಯಿಲ್ಲ. ಎಂಜಿನ್ ಅಡ್ಡಲಾಗಿ ಕೂತ ಮಿನಿವ್ಯಾನಿನ ಇಕ್ಕಟ್ಟಿನಲ್ಲಿ ಅದು ತಾಸುಗಟ್ಟಲೆ ಕೆಲಸ. ಹೊಸ ಕನ್ವರ್ಟರ್ ಕೂರಿಸುವಾಗ ಅದರ ಹಿಂಬದಿಯ ಕೊಳವೆ ಆಯಿಲ್ ಪಂಪಿನ ಹಲ್ಲಿಗೆ ಪೂರ್ತಿ ಸಿಕ್ಕಿಕೊಳ್ಳಬೇಕು. ಹಾಗೆ ಕೂರದೆ ಬೋಲ್ಟ್ ಬಿಗಿದರೆ ಪಂಪ್ ಒಡೆಯುತ್ತದೆ. ಹಳೆಯ ಪಟ್ಟಿಯ ಚೂರುಗಳು ಕೂಲರ್ ಕೊಳವೆಗಳಲ್ಲಿ ಕೂತಿರುತ್ತವೆ. ಆ ಕೊಳವೆಗಳನ್ನು ತೊಳೆಯದೆ ಗಾಡಿ ಹೊರಬಿಟ್ಟರೆ, ಆ ಕಸವೆಲ್ಲ ಮೊದಲ ಕೆಲವು ಕಿಲೋಮೀಟರಿನಲ್ಲೇ ಹೊಸ ಕನ್ವರ್ಟರಿಗೂ ವಾಲ್ವ್‌ಗಳಿಗೂ ನುಗ್ಗುತ್ತದೆ.