ಗರಿಷ್ಠ ಎಂಟ್ರೊಪಿ ತತ್ತ್ವ: ದಾಳವೊಂದರ ನಿದರ್ಶನ

ದಾಳವೊಂದನ್ನು ಅನೇಕ ಸಲ ಎಸೆದು, ಬಿದ್ದ ಅಂಕಗಳ ಸರಾಸರಿ 4.5 ಎಂಬುದನ್ನು ಮಾತ್ರ ನಮಗೆ ತಿಳಿಸಿದ್ದಾರೆಂದು ಭಾವಿಸೋಣ. ಒಂದೊಂದು ಮುಖದ ಸಂಭವನೀಯತೆ ಎಷ್ಟು? ಅಜ್ಞಾತಗಳು ಆರು; ಸಮೀಕರಣಗಳು ಎರಡೇ: ಸಂಭವನೀಯತೆಗಳ ಮೊತ್ತ 1 ಆಗಬೇಕು, ಸರಾಸರಿ 4.5 ಆಗಬೇಕು. ಇವುಗಳಿಗೆ ಒಪ್ಪುವ ವಿತರಣೆಗಳು ಅಸಂಖ್ಯಾತ. 4 ಮತ್ತು 5 ಮಾತ್ರ ಸಮವಾಗಿ ಬೀಳುತ್ತವೆಂದರೂ ಲೆಕ್ಕ ಸರಿಹೋಗುತ್ತದೆ. ಆದರೆ ಹಾಗೆನ್ನುವಾಗ, 6 ಎಂದಿಗೂ ಬೀಳದೆಂದು ಆಧಾರವಿಲ್ಲದೆ ಸಾಧಿಸಿದಂತಾಗುತ್ತದೆ.

ಅನಿಶ್ಚಿತತೆಯನ್ನು ಅಳೆಯುವ ಮಾನವೊಂದನ್ನು ಕ್ಲಾಡ್ ಶ್ಯಾನನ್ 1948ರಲ್ಲಿ ನಿರೂಪಿಸಿದರು. ಪ್ರತಿ ಸಂಭವನೀಯತೆಯನ್ನೂ ಅದರ ಲಘುಗಣಕದಿಂದ ಗುಣಿಸಿ, ಗುಣಲಬ್ಧಗಳನ್ನು ಕೂಡಿ, ಚಿಹ್ನೆಯನ್ನು ಬದಲಿಸಿದರೆ ದೊರೆಯುವುದೇ ಎಂಟ್ರೊಪಿ. ತಿಳಿದ ನಿಬಂಧನೆಗಳಿಗೆ ಒಪ್ಪುವ ವಿತರಣೆಗಳಲ್ಲಿ ಎಂಟ್ರೊಪಿ ಗರಿಷ್ಠವಾಗಿರುವುದನ್ನೇ ಆರಿಸಬೇಕೆಂದು 1957ರಲ್ಲಿ ಇ. ಟಿ. ಜೇನ್ಸ್ ಪ್ರತಿಪಾದಿಸಿದರು. ನಮಗೆ ತಿಳಿಯದುದನ್ನು ತಿಳಿದಂತೆ ಸೇರಿಸದಿರುವುದೇ ಇದರ ತಿರುಳು. ಮೇಲಣ ದಾಳಕ್ಕೆ ಇದನ್ನು ಅನ್ವಯಿಸಿದರೆ ಸಂಭವನೀಯತೆಗಳು ಗುಣೋತ್ತರ ಶ್ರೇಢಿಯಲ್ಲಿ ಏರುತ್ತವೆ: 1ಕ್ಕೆ 0.054, 6ಕ್ಕೆ 0.347.

ಇಂತಹ ಅನುಮಾನವು ವಾಸ್ತವಕ್ಕೆ ಹೊಂದದಿದ್ದರೆ ತತ್ತ್ವವೇ ಸುಳ್ಳಾಯಿತೆ? 19ನೆಯ ಶತಮಾನದಲ್ಲಿ ಸ್ವಿಟ್ಜರ್ಲೆಂಡಿನ ಖಗೋಳಜ್ಞ ರುಡಾಲ್ಫ್ ವೋಲ್ಫ್ ದಾಳವೊಂದನ್ನು 20,000 ಸಲ ಎಸೆದು ಫಲಗಳನ್ನು ದಾಖಲಿಸಿದ್ದರು. ಸರಾಸರಿ 3.5983. ಇದೊಂದನ್ನೇ ಆಧರಿಸಿದ ಗಣನೆಯಂತೆ 3 ಸುಮಾರು 3,272 ಸಲವೂ 4 ಸುಮಾರು 3,384 ಸಲವೂ ಬೀಳಬೇಕಿತ್ತು. ಬಿದ್ದುದು ಅನುಕ್ರಮವಾಗಿ 2,897 ಮತ್ತು 2,841 ಸಲ. ಇಷ್ಟು ಎಸೆತಗಳಲ್ಲಿ ಆಕಸ್ಮಿಕ ವ್ಯತ್ಯಾಸವು ಸಾಮಾನ್ಯವಾಗಿ ಐವತ್ತರ ಆಸುಪಾಸಿನಲ್ಲಿರುವುದರಿಂದ, ಈ ಕೊರತೆಯನ್ನು ಆಕಸ್ಮಿಕವೆನ್ನಲಾಗದು.

1979ರಲ್ಲಿ ಪ್ರಕಟವಾದ ಲೇಖನದಲ್ಲಿ ಜೇನ್ಸ್ ಇದನ್ನು ಹೀಗೆ ವಿವರಿಸಿದರು. ಅಂಕಗಳಿಗಾಗಿ ಕೊರೆದ ಕುಳಿಗಳಿಂದ 6ರ ಮುಖ ಹಗುರವಾಗಿ ಅದು ಹೆಚ್ಚಾಗಿ ಮೇಲೆ ಬರುತ್ತದೆ; ಸರಾಸರಿಯು 3.5ನ್ನು ಮೀರಲು ಇದು ಕಾರಣ. ಆದರೆ 3 ಮತ್ತು 4 ಪರಸ್ಪರ ಎದುರು ಮುಖಗಳು. ಅವೆರಡೂ ಒಟ್ಟಿಗೆ ಕಡಮೆಯಾದುದರಿಂದ, ದಾಳವು ಆ ದಿಕ್ಕಿನಲ್ಲಿ ತುಸು ಉದ್ದವಾಗಿದ್ದಿರಬೇಕು. ಈ ಎರಡನೆಯ ನಿಬಂಧನೆಯನ್ನು ಸೇರಿಸಿದೊಡನೆ ವ್ಯತ್ಯಾಸವು ಬಹುಮಟ್ಟಿಗೆ ನೀಗಿತು.

ಆದುದರಿಂದ ಗರಿಷ್ಠ ಎಂಟ್ರೊಪಿಯ ಉತ್ತರವನ್ನು ನಿಸರ್ಗದ ಕುರಿತ ಕಡೆಯ ಮಾತೆಂದು ನಾವು ಭಾವಿಸಬಾರದು. ಅದು ನಮ್ಮ ಬಳಿಯಿರುವ ಮಾಹಿತಿಯ ಯಥಾರ್ಥ ನಿರೂಪಣೆ ಮಾತ್ರ. ಪ್ರಯೋಗವು ಅದನ್ನು ಒಪ್ಪದಿದ್ದಾಗ, ನಾವು ಗಣಿಸದೆ ಬಿಟ್ಟ ಭೌತ ಕಾರಣವೊಂದು ಉಂಟೆಂದೂ ಅದನ್ನು ಎಲ್ಲಿ ಅರಸಬೇಕೆಂದೂ ತಿಳಿಯುತ್ತದೆ. ಊಹೆಗಳನ್ನು ಮೊದಲೇ ಬೆರೆಸಿದ ಗಣನೆಯಿಂದ ಇಂತಹ ಸೂಚನೆ ಸುಲಭವಾಗಿ ದೊರೆಯುವುದಿಲ್ಲ.